ಟರ್ಬೊ ಕಾವಿನಿಂದ ರೋಟರಿ ಎಂಜಿನ್ನಿನ ಭಾಗಗಳನ್ನು ಉಳಿಸಿಕೊಳ್ಳುವ ಬಗೆ

ಪುಣೆ, ಮುಂಬೈ, ಗೋವಾ ಕಡೆ ಮಜ್ದಾ ಕಂಪನಿಯ ರೋಟರಿ ಎಂಜಿನ್ ಕಾರು ಆರ್‌ಎಕ್ಸ್-7 ಇಟ್ಟುಕೊಂಡಿರುವ ಕನ್ನಡಿಗರು ಬೆರಳೆಣಿಕೆಯಷ್ಟು. ಆದರೂ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಟರ್ಬೊಗೆ ಯಾವ ಪಟ್ಟಿ ಸುತ್ತಿಸಲಿ?" ಈ ಪ್ರಶ್ನೆ ತುದಿಯಿಂದ ಶುರುವಾಗುತ್ತದೆ. ಟರ್ಬೊ ಎಂದರೆ ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಸಾಧನ. ಕಾವು ತಡೆಯುವ ಪಟ್ಟಿ ಸುತ್ತುವುದು ಈ ಕೆಲಸದ ಕೊನೆಯ ಭಾಗ, ಎಷ್ಟೋ ಗಾಡಿಗಳಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಮೊದಲು ಬೇಡದ ಕಾವು ಹುಟ್ಟುವುದನ್ನು ನಿಲ್ಲಿಸಬೇಕು. ಆಮೇಲೆ ಹಳೆಯ ರಬ್ಬರು, ಪ್ಲಾಸ್ಟಿಕ್ ಬದಲಿಸಬೇಕು. ನಂತರ ತಗಡಿನ ಮರೆ. ಅಷ್ಟಾದರೂ ಸಾಲದಿದ್ದರೆ ಮಾತ್ರ ಹೊದಿಕೆ, ಪಟ್ಟಿ. ಈ ಕ್ರಮ ಬಿಟ್ಟು ನೇರವಾಗಿ ಪಟ್ಟಿ ಸುತ್ತಿದರೆ ಕಾವು ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೇ, ಒಳಗೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಇಲ್ಲಿ ಹೇಳಿರುವುದು ಮಜ್ದಾದ 13ಬಿ ಎಂಬ ಎರಡು ರೋಟರಿನ ಟರ್ಬೊ ಎಂಜಿನ್ನಿಗೆ ಸಂಬಂಧಿಸಿದ್ದು, ಅಂದರೆ ಆರ್‌ಎಕ್ಸ್-7ರ ಪೈಕಿ 1985ರಿಂದ ಬಂದ ಎಫ್‌ಸಿ ಮತ್ತು 1991ರಿಂದ 2002ರವರೆಗೆ ತಯಾರಾದ ಎಫ್‌ಡಿ ಮಾದರಿಗಳಿಗೆ. ಮಜ್ದಾದ ಇನ್ನೊಂದು ರೋಟರಿ ಕಾರಾದ ಆರ್‌ಎಕ್ಸ್-8ಕ್ಕೆ ಕಂಪನಿಯಿಂದ ಟರ್ಬೊ ಬಂದಿಲ್ಲ. ಆದರೂ ಅದರ ಮಾಲೀಕರು ಎರಡನೇ ಹಂತವನ್ನು ಓದಿಕೊಳ್ಳುವುದು ಒಳ್ಳೆಯದು. ಮಜ್ದಾ ಕಂಪನಿ ನಮ್ಮಲ್ಲಿ ಕಾರು ಮಾರಿದ್ದಿಲ್ಲ, ಹಾಗಾಗಿ ಸರ್ವೀಸ್ ಸೆಂಟರ್ ಎಂಬ ಆಸರೆಯೂ ಇಲ್ಲ. ಗ್ಯಾರೇಜಿನವರಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ನೀವೇ ಹೇಳಬೇಕಾಗುತ್ತದೆ.

ಈ ಎಂಜಿನ್ನು ಇಷ್ಟೊಂದು ಕಾಯುವುದೇಕೆ

ಸಾಮಾನ್ಯ ಎಂಜಿನ್ನಿನಲ್ಲಿ ಹೊಗೆ ಹೊರಹೋಗಲು ಎಕ್ಸಾಸ್ಟ್ ವಾಲ್ವ್ ಇರುತ್ತದೆ. 13ಬಿಯಲ್ಲಿ ವಾಲ್ವ್ ಇಲ್ಲ. ಪಿಸ್ಟನ್ನಿನ ಬದಲು ಇರುವ ಮೂರು ಮೂಲೆಯ ರೋಟರ್ ತಿರುಗುತ್ತಾ, ಅದನ್ನು ಸುತ್ತುವರಿದ ಹೌಸಿಂಗಿನ ಗೋಡೆಯಲ್ಲಿರುವ ರಂಧ್ರವನ್ನು ತೆರೆಯುತ್ತದೆ, ಹೊಗೆ ಅಲ್ಲಿಂದ ನೇರ ಹೊರಗೆ ನುಗ್ಗುತ್ತದೆ. ದಹನ ನಡೆಯುವ ಜಾಗವೂ ಉದ್ದನೆಯ, ಚಪ್ಪಟೆಯಾದ, ಸದಾ ಚಲಿಸುತ್ತಿರುವ ಜಾಗ. ಬೆಂಕಿ ಮೂಲೆಮೂಲೆ ತಲುಪುವ ಮೊದಲೇ ರಂಧ್ರ ತೆರೆದುಕೊಳ್ಳುವುದರಿಂದ ಉಳಿದ ಇಂಧನ ಮ್ಯಾನಿಫೋಲ್ಡಿನಲ್ಲಿ, ಅಂದರೆ ಹೊಗೆ ಸಾಗುವ ಕವಲು ಪೈಪಿನಲ್ಲಿ, ಉರಿಯುತ್ತದೆ. ಜೋರಾಗಿ ಓಡಿಸುವಾಗ ಟರ್ಬೊ ಬಾಯಿಗೆ ಬರುವ ಹೊಗೆ 900 ಡಿಗ್ರಿ ಸೆಲ್ಸಿಯಸ್ ದಾಟುವುದು ಈ ಎಂಜಿನ್ನಿಗೆ ಮಾಮೂಲು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. 13ಬಿಯಲ್ಲಿ ಗಾಳಿ ಒಳಬರುವ ದಾರಿಯೂ ಹೊಗೆ ಹೊರಹೋಗುವ ದಾರಿಯೂ ಎಂಜಿನ್ನಿನ ಒಂದೇ ಪಕ್ಕಕ್ಕಿವೆ, ಪ್ಲಗ್ಗುಗಳು ಇನ್ನೊಂದು ಪಕ್ಕಕ್ಕೆ. ಹಾಗಾಗಿ ಟರ್ಬೊ ಇರುವುದು ಗಾಳಿ ಒಳತರುವ ಇನ್‌ಟೇಕ್ ಮ್ಯಾನಿಫೋಲ್ಡಿನ ಬುಡದಲ್ಲಿ. ಏರುವ ಕಾವೆಲ್ಲ ವ್ಯಾಕ್ಯೂಮ್ ಪೈಪು, ಸೊಲೆನಾಯ್ಡ್, ವೈರಿಂಗ್, ಪೆಟ್ರೋಲ್ ಪೈಪುಗಳಿಗೇ ಬಡಿಯುತ್ತದೆ. ನಮ್ಮ ಬಲಗೈ ಸ್ಟೀರಿಂಗ್ ಗಾಡಿಯಲ್ಲಿ ಬ್ರೇಕ್ ಮಾಸ್ಟರ್ ಸಿಲಿಂಡರೂ ಸ್ಟೀರಿಂಗ್ ಶಾಫ್ಟೂ ಅದೇ ಪಕ್ಕದಲ್ಲಿವೆ.

ಕಾವು ಮೂರು ದಾರಿಯಲ್ಲಿ ಹರಡುತ್ತದೆ: ತಾಗಿದ್ದರ ಮೂಲಕ, ಗಾಳಿಯ ಮೂಲಕ, ಕಿರಣವಾಗಿ. ಕೆಂಪಗೆ ಕಾದ ಟರ್ಬೈನಿನಿಂದ, ಅಂದರೆ ಹೊಗೆ ತಾಗಿ ತಿರುಗುವ ಟರ್ಬೊ ಭಾಗದಿಂದ, ಹೆಚ್ಚು ಹಾನಿ ಮಾಡುವುದು ಕಿರಣ. ಅದು ತಾಪಮಾನದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಹೊರಮೈ 900 ಡಿಗ್ರಿಯಿಂದ 600ಕ್ಕೆ ಇಳಿದರೆ ಸೂಸುವ ಕಿರಣ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗುತ್ತದೆ. ಒಂದು ತೆಳು ತಗಡು ಅಡ್ಡ ಇಟ್ಟರೂ ದೊಡ್ಡ ವ್ಯತ್ಯಾಸ ಕಾಣುವುದು ಇದರಿಂದಲೇ.

ಏನೇನು ಬೇಕು

ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಡಿ. ಮೊದಲ ಹಂತದ ಅಳತೆ ಮುಗಿದ ಮೇಲೆ ಪಟ್ಟಿ ಮಾಡಿ.

- ತಾಪಮಾನ ತೋರಿಸುವ ಸ್ಟಿಕ್ಕರುಗಳು. ನಿಗದಿತ ಡಿಗ್ರಿ ಮುಟ್ಟಿದೊಡನೆ ಚೌಕ ಕಪ್ಪಾಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ.
- ಸ್ಟೇನ್‌ಲೆಸ್ 304 ತಗಡು, 0.5ರಿಂದ 0.8 ಮಿ.ಮೀ. ದಪ್ಪ. ಎರಡಡಿಗೆ ಎರಡಡಿ ಹಾಳೆ ಸಾಮಾನ್ಯವಾಗಿ ಸಾಕು.
- ಸಿಲಿಕೋನ್ ವ್ಯಾಕ್ಯೂಮ್ ಪೈಪು. ಹೆಚ್ಚು ಬೇಕಾಗುವುದು 3.5 ಅಥವಾ 4 ಮಿ.ಮೀ. ಒಳವ್ಯಾಸದ್ದು, ಸ್ವಲ್ಪ 6 ಮಿ.ಮೀ.
- ಎಫ್‌ಕೆಎಂ, ಅಂದರೆ ಪೇಟೆಯಲ್ಲಿ ವೈಟಾನ್ ಎನ್ನುವ ರಬ್ಬರಿನ ಒಳಪದರ ಇರುವ ಫ್ಯೂಯೆಲ್ ಇಂಜೆಕ್ಷನ್ ಪೈಪು.
- ಗಾಜಿನ ನಾರಿನ ಮೇಲೆ ಸಿಲಿಕೋನ್ ಲೇಪಿಸಿದ ತೋಳು, ವೈರಿಂಗಿನ ಗಾತ್ರಕ್ಕೆ ತಕ್ಕಂತೆ.
- ಸ್ಟೇನ್‌ಲೆಸ್ ಟೈಗಳು, ಪೂರ್ತಿ ಲೋಹದ ಲಾಕ್ ನಟ್ಟುಗಳು, ನಿಕಲ್ ಆಂಟಿಸೀಜ್ (ಬೋಲ್ಟು ಕಚ್ಚಿಕೊಳ್ಳದಂತೆ ಹಚ್ಚುವ ಲೇಪ).
- ಬ್ರೇಕ್ ಆಯಿಲ್, ಮುಚ್ಚಿದ ಹೊಸ ಡಬ್ಬಿ.
- ಬೆಂಕಿ ಆರಿಸುವ ಸಿಲಿಂಡರ್. ಗಾಡಿಯಲ್ಲಿ ಡ್ರೈವರ್ ಕೈಗೆ ಸಿಗುವಲ್ಲಿ.

ಪುಣೆಯವರಿಗೆ ತಗಡು ಕತ್ತರಿಸಿ ಬಗ್ಗಿಸಿಕೊಡುವ ಅಂಗಡಿಗಳು ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಾಕಷ್ಟಿವೆ. ಮುಂಬೈಯವರು ಪೈಪು, ಕ್ಲಿಪ್ಪು, ಪ್ಯಾಕಿಂಗಿಗೆ ನಾಗದೇವಿ ಸ್ಟ್ರೀಟಿಗೂ, ಥರ್ಮೋಕಪಲ್, ತೋಳುಗಳಿಗೆ ಲ್ಯಾಮಿಂಗ್ಟನ್ ರೋಡಿಗೂ ಹೋಗಬಹುದು. ತಗಡಿನ ಅಂಗಡಿಯಲ್ಲಿ "ಪತ್ರಾ" ಎಂದಷ್ಟೇ ಕೇಳಿದರೆ ಜಿಐ ತಗಡು ಕೈಗಿಡುತ್ತಾರೆ. ಅದು ಬೇಡ. ಅದರ ಮೇಲಿನ ಸತು 419 ಡಿಗ್ರಿಗೆ ಕರಗುತ್ತದೆ, ಅದರ ಹೊಗೆ ಮೈಗೆ ಒಳ್ಳೆಯದಲ್ಲ. "ಎಸ್‌ಎಸ್ ತೀನ್ ಸೌ ಚಾರ್" ಎಂದು ಸ್ಪಷ್ಟವಾಗಿ ಕೇಳಿ.

ಹಂತ 1: ಮೊದಲು ಅಳೆಯಿರಿ

ಸ್ಟಿಕ್ಕರುಗಳನ್ನು ಈ ಜಾಗಗಳಲ್ಲಿ ಅಂಟಿಸಿ: ಬ್ರೇಕ್ ಮಾಸ್ಟರ್ ಸಿಲಿಂಡರಿನ ಟರ್ಬೊ ಕಡೆಯ ಮೈ, ಟರ್ಬೊ ಮೇಲೆ ಹಾದುಹೋಗುವ ವೈರಿಂಗ್ ಕಟ್ಟು, ಪೆಟ್ರೋಲ್ ಪೈಪಿನ ಹತ್ತಿರದ ಬ್ರಾಕೆಟ್, ಇನ್‌ಟೇಕ್ ಮ್ಯಾನಿಫೋಲ್ಡಿನ ತಳ, ಎಫ್‌ಡಿಯಾದರೆ ಕೂಲಂಟಿನ ಪುಟ್ಟ ಗಾಳಿ ಬೇರ್ಪಡಿಸುವ ತೊಟ್ಟಿ, ಮತ್ತು ಬಾನೆಟ್ಟಿನ ಒಳಮೈ.

ಈಗ ಗಾಡಿಯನ್ನು ನಿಜವಾದ ಪರೀಕ್ಷೆಗೆ ಒಡ್ಡಿ. ಖಂಡಾಳಾ ಘಾಟಿನ ಏರು ಆಗಬಹುದು, ಗೋವಾದವರಿಗೆ ಚೋರ್ಲಾ ಘಾಟ್. ಏರು ಮುಗಿದ ಮೇಲೆ ಎಂಜಿನ್ ಬಂದ್ ಮಾಡಿ ಬಾನೆಟ್ ತೆರೆಯದೆ 15 ನಿಮಿಷ ಬಿಡಿ. ಬಾನೆಟ್ ಕೆಳಗಿನ ಅತಿ ಹೆಚ್ಚು ತಾಪ ಬರುವುದು ಓಡುವಾಗ ಅಲ್ಲ, ನಿಂತ ಮೇಲೆ. ಗಾಳಿ ನಿಂತಿರುತ್ತದೆ, ನೀರು ಸುತ್ತುವುದು ನಿಂತಿರುತ್ತದೆ, ಎರಕದ ಕಬ್ಬಿಣದಲ್ಲಿ ತುಂಬಿದ ಕಾವು ಮಾತ್ರ ನಿಧಾನವಾಗಿ ಮೇಲೇರುತ್ತಲೇ ಇರುತ್ತದೆ. ಇದನ್ನೇ ಹೀಟ್ ಸೋಕ್ ಎನ್ನುವುದು. ಮುಂಬೈ ಸಿಗ್ನಲ್ಲುಗಳಲ್ಲಿ ಆಗುವುದೂ ಇದರ ಚಿಕ್ಕ ರೂಪವೇ.

ಸ್ಟಿಕ್ಕರು ತೋರಿಸಿದ ಅಂಕಿಯನ್ನು ಇದರೊಡನೆ ಹೋಲಿಸಿ. ಮಾಮೂಲಿ ನೈಟ್ರೈಲ್ ರಬ್ಬರು ಸತತವಾಗಿ ತಡೆಯುವುದು 100 ಡಿಗ್ರಿಯ ಆಸುಪಾಸು. ಕೂಲಂಟ್ ಪೈಪಿನ ಇಪಿಡಿಎಂ ರಬ್ಬರು 120ರ ಹತ್ತಿರ. ಮನೆ ವೈರಿಂಗಿನಂಥ ಪಿವಿಸಿ ವೈರು 70ರಿಂದ 105. ಸಿಲಿಕೋನ್ 180ರಿಂದ 200. ಎಲ್ಲೆಲ್ಲಿ ಅಳತೆ ಮಿತಿಗೆ 20 ಡಿಗ್ರಿ ಹತ್ತಿರ ಬಂದಿದೆಯೋ ಅಲ್ಲಿ ಕೆಲಸ ಇದೆ. ಉಳಿದ ಕಡೆ ದುಡ್ಡು ಸುರಿಯಬೇಡಿ.

ಇನ್‌ಫ್ರಾರೆಡ್ ಗನ್ ಬಳಸುವವರಿಗೆ ಒಂದು ಮಾತು. ಹೊಳೆಯುವ ಸ್ಟೇನ್‌ಲೆಸ್, ಅಲ್ಯುಮಿನಿಯಂ ಮೈಗೆ ಹಿಡಿದರೆ ಅದು ನಿಜಕ್ಕಿಂತ ಎಷ್ಟೋ ಕಡಿಮೆ ತೋರಿಸುತ್ತದೆ. "ಮರೆ ಹಾಕಿದೆ, 400 ಇದ್ದದ್ದು 90 ಆಯಿತು" ಎಂದು ಹಿಗ್ಗುವವರ ಲೆಕ್ಕ ಬಹಳ ಸಲ ಇಷ್ಟೇ. ಅಳೆಯುವ ಜಾಗಕ್ಕೆ ಕಾವು ತಡೆಯುವ ಮಂಕು ಕಪ್ಪು ಬಣ್ಣದ ಒಂದು ಬೊಟ್ಟು ಇಟ್ಟು, ಅದರ ಮೇಲೆ ಗುರಿ ಹಿಡಿದು ಅಳೆಯಿರಿ.

ಹಂತ 2: ಬೇಡದ ಕಾವು ಎಲ್ಲಿಂದ ಬರುತ್ತಿದೆ ನೋಡಿ

ಟರ್ಬೊ ಅತಿಯಾಗಿ ಕಾಯಲು ಟರ್ಬೊ ಕಾರಣವಾಗಿರುವುದು ಅಪರೂಪ. ಇವನ್ನು ಒಂದೊಂದಾಗಿ ನೋಡಿ.

ಇಗ್ನಿಷನ್. ಪ್ರತಿ ರೋಟರಿಗೆ ಎರಡು ಪ್ಲಗ್ಗು: ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಎಫ್‌ಡಿಯಲ್ಲಿ ಲೀಡಿಂಗ್‌ಗೆ 7ನೇ ಹೀಟ್ ರೇಂಜಿನದು (ಪ್ಲಗ್ಗು ಎಷ್ಟು ಬೇಗ ಕಾವು ಬಿಟ್ಟುಕೊಡುತ್ತದೆ ಎಂಬ ಅಂಕಿ), ಟ್ರೇಲಿಂಗ್‌ಗೆ 9ನೇಯದು ಬರುತ್ತದೆ. ಗ್ಯಾರೇಜಿನಲ್ಲಿ ಇವು ಅದಲು ಬದಲಾಗುವುದು ಸಾಮಾನ್ಯ. ಕಿಡಿ ತಪ್ಪಿದರೆ ಉರಿಯದ ಪೆಟ್ರೋಲ್ ಮ್ಯಾನಿಫೋಲ್ಡಿಗೆ ಹೋಗಿ ಅಲ್ಲಿ ಉರಿಯುತ್ತದೆ. ಟೈಮಿಂಗ್ ಹಿಂದಕ್ಕೆ ಸರಿದಿದ್ದರೂ ಅಷ್ಟೇ, ಬೆಂಕಿ ತಡವಾಗಿ ಹತ್ತಿ ಹೊಗೆ ಇನ್ನಷ್ಟು ಬಿಸಿಯಾಗಿ ಹೊರಬರುತ್ತದೆ. ಆರ್‌ಎಕ್ಸ್-8 ಇಟ್ಟವರು ಗಮನಿಸಬೇಕಾದ್ದು ಇದನ್ನೇ: ಅದರಲ್ಲಿ ಕಾಯಿಲ್ ಸೋತರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕೆಂಪಗೆ ಕಾಯಿಸುತ್ತದೆ.

ಇಂಧನ. ಈಗ ಬಂಕುಗಳಲ್ಲಿ ಸಿಗುತ್ತಿರುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕು, ಇದಕ್ಕೆ ಸುಮಾರು 13.5 ಸಾಕು. ನಿಧಾನ ಓಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಸರಿದೂಗಿಸುತ್ತದೆ. ಬೂಸ್ಟ್, ಅಂದರೆ ಟರ್ಬೊ ಒತ್ತುವ ಗಾಳಿಯ ಒತ್ತಡ, ಏರಿದಾಗ ಅದು ಹಳೆಯ ಲೆಕ್ಕದಂತೆಯೇ ಪೆಟ್ರೋಲ್ ಸುರಿಯುತ್ತದೆ, ಮಿಶ್ರಣ ಬಡವಾಗುತ್ತದೆ. ಟರ್ಬೊ ರೋಟರಿಗೆ ಇದು ಬರೀ ಕಾವಿನ ಪ್ರಶ್ನೆಯಲ್ಲ. ಒಂದೇ ಒಂದು ಜೋರಾದ ನಾಕಿಂಗ್ (ಇಂಧನ ತಾನಾಗಿ ಸಿಡಿಯುವುದು) ಅಪೆಕ್ಸ್ ಸೀಲನ್ನು, ಅಂದರೆ ರೋಟರಿನ ತುದಿಯಲ್ಲಿ ಕೂತು ಗಾಳಿ ಸೋರದಂತೆ ತಡೆಯುವ ಪಟ್ಟಿಯನ್ನು, ಮುರಿಯಬಲ್ಲದು. ಗಾಳಿ, ಪೆಟ್ರೋಲಿನ ಪಾಲು ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಹಾಕಿಸಿ ಬೂಸ್ಟಿನಲ್ಲಿ ಪೆಟ್ರೋಲ್ ಲೆಕ್ಕದ 11ರ ಆಸುಪಾಸು ಇದೆಯೇ ನೋಡಿ. ಇಲ್ಲದಿದ್ದರೆ ಟ್ಯೂನಿಂಗ್ ಸರಿಯಾಗುವವರೆಗೆ ಬೂಸ್ಟ್ ಬಳಸಬೇಡಿ.

ಕಟ್ಟಿಕೊಂಡ ಕ್ಯಾಟ್, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್. ಎಫ್‌ಡಿಯಲ್ಲಿ ಟರ್ಬೊ ಬೆನ್ನಿಗೇ ಒಂದು ಪುಟ್ಟ ಕನ್ವರ್ಟರ್ ಇದೆ. ಅದು ಒಳಗೆ ಪುಡಿಯಾಗಿ ಕಟ್ಟಿಕೊಂಡರೆ ಹೊಗೆ ಹಿಂದಕ್ಕೆ ಒತ್ತರಿಸಿ ಟರ್ಬೊ, ಮ್ಯಾನಿಫೋಲ್ಡ್ ಎರಡೂ ಬೇಯುತ್ತವೆ. ಕಟ್ಟಿದ್ದನ್ನು ಬದಲಿಸಬೇಕು. ಕ್ಯಾಟುಗಳನ್ನೆಲ್ಲ ಕಿತ್ತು ಖಾಲಿ ಪೈಪು ಹಾಕಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ಹಾಗೆ ಮಾಡಿದರೆ ಪಿಯುಸಿಯಲ್ಲಿ ಸಿಕ್ಕಿಬೀಳುವುದು ಒಂದು ಕಡೆ. ಹೊಗೆ ಸಲೀಸಾಗಿ ಹರಿದು ಬೂಸ್ಟಿಗೆ ಮಿತಿ ಹಾಕುವ ವೇಸ್ಟ್‌ಗೇಟ್ ಎಂಬ ಕದದ ಹಿಡಿತ ತಪ್ಪಿ ಬೂಸ್ಟ್ ತಾನಾಗಿ ಏರುತ್ತಾ ಹೋಗುವುದು ಇನ್ನೊಂದು ಕಡೆ. ಎಂಜಿನ್ನಿಗೆ ಎರಡನೆಯದು ಹೆಚ್ಚು ದುಬಾರಿ.

ಕೂಲಂಟ್. 13ಬಿ ಎಂದರೆ ಅಲ್ಯುಮಿನಿಯಂ ರೋಟರ್ ಹೌಸಿಂಗುಗಳನ್ನು ಕಬ್ಬಿಣದ ಹೌಸಿಂಗುಗಳ ನಡುವೆ ಇಟ್ಟು ಉದ್ದನೆಯ ಬೋಲ್ಟುಗಳಿಂದ ಬಿಗಿದ ಕಟ್ಟು. ಎರಡು ಲೋಹ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಒಮ್ಮೆ ಅತಿಯಾಗಿ ಕಾದರೆ ನಡುವಿನ ನೀರಿನ ಸೀಲು ಸೋತು ಕೂಲಂಟ್ ದಹನದ ಜಾಗಕ್ಕೆ ಇಳಿಯುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದೇ ಸಮನೆ ಬಿಳಿ ಹೊಗೆ, ಕೂಲಂಟ್ ತೊಟ್ಟಿಯಲ್ಲಿ ಗುಳ್ಳೆ ಕಂಡರೆ ಮೊದಲು ಅದನ್ನು ನೋಡಿಸಿ, ಮರೆ ಹೊದಿಕೆ ಆಮೇಲೆ. ಎಫ್‌ಡಿಯ ಮೀಟರನ್ನಂತೂ ನಂಬಬೇಡಿ, ಅದರ ಮುಳ್ಳು ಬಹುಪಾಲು ಹೊತ್ತು ನಡುವಿನಲ್ಲೇ ನಿಂತಿರುತ್ತದೆ, ಏಳುವಾಗ ತಡವಾಗಿರುತ್ತದೆ. ಬೇರೆ ಡಿಜಿಟಲ್ ಮೀಟರ್ ಹಾಕಿಸಿ. ಕಂಪನಿ ಲೆಕ್ಕದಲ್ಲಿ ಫ್ಯಾನು ತಿರುಗುವುದು 105 ಡಿಗ್ರಿ ಸುಮಾರಿಗೆ. ಪುಣೆಯ ಹಿಂಜೆವಾಡಿ ಟ್ರಾಫಿಕ್ಕಿಗೆ ಅದು ತೀರಾ ತಡ. 95ಕ್ಕೆ ತಿರುಗುವ ಥರ್ಮೋಸ್ವಿಚ್ ಹಾಕುವುದು ಬಹಳ ಕಾಲದಿಂದ ನಡೆದು ಬಂದ ಒಳ್ಳೆಯ ರೂಢಿ.

ಹಂತ 3: ರಬ್ಬರು, ಪ್ಲಾಸ್ಟಿಕ್, ವೈರು ಬದಲಿಸಿ

ಇದು ಬೇಜಾರಿನ ಕೆಲಸ, ಆದರೆ ಅತಿ ಹೆಚ್ಚು ಲಾಭ ಇರುವ ಕೆಲಸ. ಮರೆ ಎಷ್ಟೇ ಚೆನ್ನಾಗಿದ್ದರೂ ಮೂವತ್ತು ವರ್ಷ ಬೆಂದ ರಬ್ಬರಿಗೆ ಜೀವ ಬರುವುದಿಲ್ಲ.

ಎಫ್‌ಡಿಯ ಜೋಡಿ ಟರ್ಬೊಗಳನ್ನು ನಡೆಸುವ ವ್ಯಾಕ್ಯೂಮ್ ಪೈಪುಗಳು ಅರವತ್ತು ಎಪ್ಪತ್ತರ ಲೆಕ್ಕದಲ್ಲಿವೆ. ಒಂದು ಬಿಟ್ಟುಕೊಂಡರೂ ಎರಡನೇ ಟರ್ಬೊ ಸಮಯಕ್ಕೆ ಎಚ್ಚರಾಗುವುದಿಲ್ಲ. ಎಲ್ಲವನ್ನೂ ಕಿತ್ತು ಬುಟ್ಟಿಗೆ ಹಾಕಿದರೆ ಮರಳಿ ಜೋಡಿಸುವವರು ಸಿಗುವುದು ಕಷ್ಟ. ಒಂದು ತೆಗೆಯಿರಿ, ಅದೇ ಉದ್ದಕ್ಕೆ ಹೊಸದು ಕತ್ತರಿಸಿ, ಹಾಕಿ, ಆಮೇಲೆ ಮುಂದಿನದು. ಸಿಲಿಕೋನ್ ಮೆತ್ತಗಿರುವುದರಿಂದ ಚೂಪು ತಿರುವಿನಲ್ಲಿ ಮಡಿಚಿಕೊಂಡು ಮುಚ್ಚಿಹೋಗುತ್ತದೆ, ಅಂಥ ಕಡೆ ದಪ್ಪ ಗೋಡೆಯ ಪೈಪು ಹಾಕಿ. ನಡುವೆ ಸಿಗುವ ಒಂದೇ ದಿಕ್ಕಿನ ವಾಲ್ವುಗಳನ್ನು ಬಾಯಿಂದ ಊದಿ ನೋಡಿ. ಎರಡೂ ಕಡೆ ಗಾಳಿ ಹೋದರೆ ಅಥವಾ ಯಾವ ಕಡೆಯೂ ಹೋಗದಿದ್ದರೆ ಬಿಸಾಡಿ. ಹಾಕುವಾಗ ದಿಕ್ಕು ತಪ್ಪಬೇಡಿ.

ಸಿಲಿಕೋನ್ ಪೈಪನ್ನು ಪೆಟ್ರೋಲಿಗಾಗಲಿ ಆಯಿಲಿಗಾಗಲಿ ಬಳಸಬಾರದು. ಅದು ಉಬ್ಬುತ್ತದೆ, ಬೆವರಿದಂತೆ ಪೆಟ್ರೋಲ್ ಹೊರಸೂಸುತ್ತದೆ. ಬಿಸಿ ಟರ್ಬೊ ಮೇಲೆ ಪೆಟ್ರೋಲ್ ಆವಿ ಎಂದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಈ ಗಾಡಿಗಳಲ್ಲಿ ಬೆಂಕಿಗೆ ಹೆಸರಾದ ಇನ್ನೊಂದು ಭಾಗ ಫ್ಯೂಯೆಲ್ ಪಲ್ಸೇಷನ್ ಡ್ಯಾಂಪರ್, ಪೆಟ್ರೋಲ್ ಒತ್ತಡದ ಏರಿಳಿತ ತಗ್ಗಿಸುವ ಪುಟ್ಟ ಲೋಹದ ಡಬ್ಬಿ. ಅದರೊಳಗಿನ ಪೊರೆ ಹರಿದರೆ ಪೆಟ್ರೋಲ್ ನೇರ ಮ್ಯಾನಿಫೋಲ್ಡಿನ ಕೆಳಗೆ ಸುರಿಯುತ್ತದೆ. ಇನ್‌ಟೇಕ್ ಬಿಚ್ಚಿದ ಸಂದರ್ಭದಲ್ಲೇ ಡ್ಯಾಂಪರ್, ಪೆಟ್ರೋಲ್ ಪೈಪು, ಇಂಜೆಕ್ಟರಿನ ಓ-ರಿಂಗ್ ಮೂರನ್ನೂ ಬದಲಿಸಿಬಿಡಿ. ಎಥನಾಲ್ ಬೆರೆತ ಪೆಟ್ರೋಲಿಗೆ 1990ರ ದಶಕದ ರಬ್ಬರು ತಯಾರಾದದ್ದಲ್ಲ, ಆ ಕಾರಣವೂ ಇದೆ.

ಎಂಜಿನ್ ಆಯಿಲನ್ನು ಸಣ್ಣಗೆ ದಹನದ ಜಾಗಕ್ಕೆ ಹನಿಸುವ ಮೀಟರಿಂಗ್ ಪಂಪಿನ ನಳಿಗೆಗಳು ಅರೆಪಾರದರ್ಶಕ ಪ್ಲಾಸ್ಟಿಕ್ಕಿನವು. ಕಾವಿಗೆ ಹಳದಿ ತಿರುಗಿ, ಬಳಿಕ ಬಳಪದಂತೆ ಪಟಕ್ಕನೆ ಮುರಿಯುತ್ತವೆ. ಮುರಿದರೆ ಅಪೆಕ್ಸ್ ಸೀಲಿಗೆ ಜಿಡ್ಡು ಸಿಗುವುದಿಲ್ಲ, ಆಯಿಲ್ ಎಕ್ಸಾಸ್ಟ್ ಮೇಲೆ ತೊಟ್ಟಿಕ್ಕುತ್ತದೆ. ಅವು ಹಳದಿಯಾಗಿದ್ದರೆ ಮುಟ್ಟುವ ಮೊದಲು ಹೊಸವು ನಿಮ್ಮ ಕೈಯಲ್ಲಿರಲಿ.

ಎಫ್‌ಡಿಯ ಗಾಳಿ ಬೇರ್ಪಡಿಸುವ ತೊಟ್ಟಿ ಪ್ಲಾಸ್ಟಿಕ್ಕಿನದು, ಬಿರುಕು ಬಿಡುವುದಕ್ಕೆ ಹೆಸರುವಾಸಿ. ಅಲ್ಯುಮಿನಿಯಂನದು ಹಾಕಿಸಿ. ಮುಚ್ಚಳ 0.9 ಬಾರ್ ಒತ್ತಡದ್ದೇ ಇರಲಿ. ಹೆಚ್ಚಿನ ಒತ್ತಡದ ಮುಚ್ಚಳ ಹಾಕಿದರೆ ಹಳೆಯ ರೇಡಿಯೇಟರಿನ ಪ್ಲಾಸ್ಟಿಕ್ ಅಂಚು ಬಿಟ್ಟುಕೊಳ್ಳುತ್ತದೆ.

ವೈರಿಂಗಿನ ಹೊರಕವಚ ಬೆರಳಲ್ಲಿ ಬಾಗಿಸಿದರೆ ಪುಡಿಯಾಗುತ್ತಿದ್ದರೆ ಮೇಲೆ ತೋಳು ಹಾಕಿ ಮುಚ್ಚಬೇಡಿ. ಒಳಗೆ ವೈರು ಬರಿಮೈಯಾಗಿರುತ್ತದೆ. ಹಾಳಾದಷ್ಟು ಉದ್ದವನ್ನು 125 ಡಿಗ್ರಿ ತಡೆಯುವ ಆಟೊಮೊಬೈಲ್ ವೈರಿನಿಂದ ಬದಲಿಸಿ, ಬಳಿಕ ತೋಳು ಹಾಕಿ. ಎಲೆಕ್ಟ್ರಿಷಿಯನ್ ಜೇಬಿನಿಂದ ತೆಗೆಯುವ ಮಾಮೂಲಿ ಪಿವಿಸಿ ವೈರಿಗೂ ಕಪ್ಪು ಟೇಪಿಗೂ ಇಲ್ಲಿ ಜಾಗವಿಲ್ಲ.

ಬ್ರೇಕ್ ಆಯಿಲ್ ನೀರು ಹೀರುತ್ತದೆ. ಮುಂಬೈ, ಗೋವಾದ ಮಳೆಗಾಲದ ಗಾಳಿಯಲ್ಲಂತೂ ಬೇಗ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯುವುದು, ನೀರು ಹೀರಿದ ಮೇಲೆ 155ಕ್ಕೇ ಕುದಿಯಬಹುದು. ಡಾಟ್ 5.1ರಲ್ಲಿ ಈ ಅಂಕಿಗಳು 260 ಮತ್ತು 180. ಎರಡನ್ನೂ ಬೆರೆಸಬಹುದು. ಹೆಸರು ಹತ್ತಿರವಿದ್ದರೂ ಡಾಟ್ 5 ಸಿಲಿಕೋನಿನದು, ಅದನ್ನು ಬೆರೆಸಬಾರದು. ಪ್ರತಿ ವರ್ಷ ಮಳೆ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಬ್ರೇಕು ಕ್ಲಚ್ಚು ಎರಡರ ಆಯಿಲನ್ನೂ ಬದಲಿಸಿ.

ಹಂತ 4: ತಗಡಿನ ಮರೆ

ಕಂಪನಿ ಕೊಟ್ಟ ಮರೆಗಳು ಇದ್ದರೆ ಅವನ್ನೇ ಉಳಿಸಿಕೊಳ್ಳಿ. ತುಕ್ಕು ಹಿಡಿದ ಬೋಲ್ಟು ಬಿಚ್ಚಲಾರದೆ ಮುರಿದು, "ಇದಿಲ್ಲದಿದ್ದರೂ ನಡೆಯುತ್ತದೆ" ಎಂದು ಗ್ಯಾರೇಜಿನವರು ಮೂಲೆಗೆಸೆಯುವುದು ಇವನ್ನೇ. ಬಿಚ್ಚುವ ಹಿಂದಿನ ರಾತ್ರಿ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಎಸೆಯುವವರಿದ್ದರೆ ಕೇಳಿ ಇಸಿದುಕೊಳ್ಳಿ.

ಹೊಸದು ಮಾಡಿಸುವುದಾದರೆ ಹೀಗೆ:

1. ರಟ್ಟಿನಿಂದ ಮಾದರಿ ಕತ್ತರಿಸಿ ಎಂಜಿನ್ ತಣ್ಣಗಿರುವಾಗ ಹಿಡಿದು ನೋಡಿ. ಟರ್ಬೈನ್ ಮೈಗೂ ಮರೆಗೂ 10ರಿಂದ 15 ಮಿ.ಮೀ., ಮರೆಗೂ ಕಾಪಾಡಬೇಕಾದ ಭಾಗಕ್ಕೂ ಕನಿಷ್ಠ 20 ಮಿ.ಮೀ. ಬಿಡಿ. ಎಂಜಿನ್ ಮೌಂಟಿನ ಮೇಲೆ ಅಲುಗುತ್ತದೆ ಎಂಬುದನ್ನು ಮರೆಯಬೇಡಿ.

2. ಅಂಚನ್ನು 8 ಮಿ.ಮೀ. ಮಡಚಿ ತಟ್ಟಿಸಿ. ಮಡಚದ ಅಂಚು ಪೈಪನ್ನು ಕೊಯ್ಯುತ್ತದೆ, ಕಂಪನಕ್ಕೆ ಗಿರಗುಟ್ಟುತ್ತದೆ, ಬಿರುಕೂ ಅಲ್ಲಿಂದಲೇ ಶುರು.

3. ಕನಿಷ್ಠ ಮೂರು ಕಡೆ ಹಿಡಿತ ಇರಲಿ. ಒಂದು ತೂತು ಗುಂಡಗೆ, ಉಳಿದವು ಉದ್ದನೆಯ ಸೀಳಾಗಿರಲಿ. 300 ಮಿ.ಮೀ. ಉದ್ದದ ಸ್ಟೇನ್‌ಲೆಸ್ ತಗಡು 500 ಡಿಗ್ರಿ ಏರಿದರೆ ಎರಡೂವರೆ ಮಿ.ಮೀ. ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ತಗಡು ಉಬ್ಬಿ ಟರ್ಬೊಗೆ ತಾಗುತ್ತದೆ.

4. ಬಹಳ ಇಕ್ಕಟ್ಟಿನ ಜಾಗಕ್ಕೆ, ಉದಾಹರಣೆಗೆ ಮಾಸ್ಟರ್ ಸಿಲಿಂಡರಿನ ಮುಂದೆ, ಎರಡು ತಗಡನ್ನು 5 ಮಿ.ಮೀ. ಸ್ಪೇಸರ್ ಇಟ್ಟು ಜೋಡಿಸಿ. ನಡುವೆ ಗಾಳಿ ಕೆಳಗಿನಿಂದ ಮೇಲಕ್ಕೆ ಹಾಯಲು ಎರಡೂ ತುದಿ ತೆರೆದಿರಲಿ. ಒಂದೇ ದಪ್ಪ ತಗಡಿಗಿಂತ ಎರಡು ತೆಳುವಿನದು ಎಷ್ಟೋ ಮೇಲು.

5. ಬೋಲ್ಟಿಗೆ ಆಂಟಿಸೀಜ್ ಹಚ್ಚಿ ಲೋಹದ ಲಾಕ್ ನಟ್ ಹಾಕಿ. ನೈಲಾನ್ ಉಂಗುರದ ನೈಲಾಕ್ ನಟ್ಟು ಬೇಡ, ಮೊದಲ ಘಾಟಿನಲ್ಲೇ ನೈಲಾನ್ ಕರಗಿ ನಟ್ಟು ಸಡಿಲವಾಗುತ್ತದೆ.

ಹೊಳಪಿನ ಮೈಯನ್ನು ಹಾಗೇ ಬಿಡಿ. ಚೆಂದಕ್ಕೆಂದು ಕಪ್ಪು ಬಣ್ಣ ಹೊಡೆಸಿದರೆ ಕಿರಣವನ್ನು ತಿರುಗಿಸುವ ಬದಲು ಅದು ಹೀರಿಕೊಳ್ಳುತ್ತದೆ. ಅಲ್ಯುಮಿನಿಯಂ ತಗಡು ದೂರದ ಜಾಗಕ್ಕೆ ಅಡ್ಡಿಯಿಲ್ಲ. ಟರ್ಬೈನ್ ಪಕ್ಕಕ್ಕೆ ಬೇಡ, ಅದು 660 ಡಿಗ್ರಿಗೆ ಕರಗುವ ಲೋಹ, ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಹಳೆಯ ಅಂಗಡಿಗಳಲ್ಲಿ ಕಲ್ನಾರಿನ ಹಗ್ಗ, ಹಾಳೆ ಇನ್ನೂ ತೋರಿಸುತ್ತಾರೆ. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ಬಿಟ್ಟಿ ಕೊಟ್ಟರೂ ತರಬೇಡಿ.

ಇನ್ನು ಚಿನ್ನದ ಬಣ್ಣದ ಪ್ರತಿಫಲನ ಟೇಪು. ಇನ್‌ಟೇಕ್ ಪೈಪಿಗೆ ಉದ್ದಕ್ಕೂ ಸುತ್ತಿದರೆ ಫೋಟೊ ಚೆನ್ನಾಗಿ ಬರುತ್ತದೆ. ಗಾಳಿ ಆ ಪೈಪಿನಲ್ಲಿ ಇರುವುದು ಕ್ಷಣಮಾತ್ರ, ಹಾಗಾಗಿ ಲಾಭ ಅತ್ಯಲ್ಪ. ಮಾಸ್ಟರ್ ಸಿಲಿಂಡರ್, ಫೈರ್‌ವಾಲ್, ತೊಟ್ಟಿಗಳಂಥ ನಿಂತಲ್ಲೇ ಕಾಯುವ ವಸ್ತುಗಳಿಗೆ ಹಚ್ಚಿದರೆ ಅದೇ ಟೇಪು ಒಳ್ಳೆಯ ಕೆಲಸ ಮಾಡುತ್ತದೆ.

ಹಂತ 5: ಟರ್ಬೊ ಬ್ಲಾಂಕೆಟ್

ಟರ್ಬೈನ್ ಹೌಸಿಂಗಿಗೆ ತೊಡಿಸುವ ದಪ್ಪ ಹೊದಿಕೆಗೆ ಈ ಹೆಸರು. ಒಂಟಿ ದೊಡ್ಡ ಟರ್ಬೊ ಹಾಕಿಸಿದವರಿಗೆ ಇದು ಸರಿಯಾಗಿ ಕೂರುತ್ತದೆ. ಎಫ್‌ಡಿಯ ಮೂಲ ಜೋಡಿ ಟರ್ಬೊಗೆ ಪೇಟೆಯ ಯಾವ ಬ್ಲಾಂಕೆಟ್ಟೂ ನೆಟ್ಟಗೆ ಕೂರುವುದಿಲ್ಲ, ಅದಕ್ಕೆ ಕಂಪನಿ ಮರೆಯೇ ಸರಿ.

ಮುಚ್ಚಬೇಕಾದ್ದು ಟರ್ಬೈನ್ ಹೌಸಿಂಗ್ ಒಂದನ್ನೇ. ಗಾಳಿ ಒತ್ತುವ ಕಂಪ್ರೆಸರ್ ಭಾಗವನ್ನೂ, ನಡುವಿನ ಬೇರಿಂಗ್ ಭಾಗವನ್ನೂ, ವೇಸ್ಟ್‌ಗೇಟ್ ಆಕ್ಚುಯೇಟರನ್ನೂ ಹೊದಿಸಬಾರದು. ಬೇರಿಂಗ್ ಮುಚ್ಚಿದರೆ ಎಂಜಿನ್ ನಿಂತ ಮೇಲೆ ಅಲ್ಲಿ ಉಳಿದ ಆಯಿಲ್ ಸುಟ್ಟು ಇದ್ದಿಲಾಗಿ ಗಂಟುಕಟ್ಟುತ್ತದೆ, ಶಾಫ್ಟ್ ಬೇಗ ಸವೆಯುತ್ತದೆ. ನೀರಿನ ತಂಪು ಇಲ್ಲದೆ ಬರೀ ಆಯಿಲ್ ನಂಬಿದ ಟರ್ಬೊ ಆದರೆ ಬ್ಲಾಂಕೆಟ್ ಹಾಕದಿರುವುದೇ ಕ್ಷೇಮ. ಹಾಕಿದ ಮೇಲೆ, ಘಾಟು ಏರಿ ಬಂದಾಗ ಎರಡು ನಿಮಿಷ ಐಡಲ್ ಬಿಟ್ಟು ನಂತರವೇ ಬಂದ್ ಮಾಡಿ. ಕೊನೆಯ ಎರಡು ಮೂರು ಕಿಲೋಮೀಟರ್ ಬೂಸ್ಟ್ ಇಲ್ಲದೆ ಬಂದರೆ ಇನ್ನೂ ಒಳ್ಳೆಯದು.

ಒಳಗಿನ ಸೆರಾಮಿಕ್ ನಾರು ಚರ್ಮಕ್ಕೆ ಚುಚ್ಚುತ್ತದೆ, ಉಸಿರಿಗೂ ಕೆಟ್ಟದ್ದು. ಎನ್95 ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಇಲ್ಲದೆ ಕತ್ತರಿಸಬೇಡಿ.

ಹಂತ 6: ಪಟ್ಟಿ, ಬೇಕಿದ್ದರೆ ಮಾತ್ರ

ಎರಕದ ಕಬ್ಬಿಣದ ಮ್ಯಾನಿಫೋಲ್ಡಿಗೆ ಪಟ್ಟಿ ಸುತ್ತಬೇಡಿ. ಕಾವು ಹೊರಬೀಳಲಾಗದೆ ಲೋಹ ಇನ್ನಷ್ಟು ಕಾದು ಬಿರುಕು ಬಿಡುತ್ತದೆ. ಮೈಲ್ಡ್ ಸ್ಟೀಲ್ ಪೈಪಿಗೂ ಬೇಡ, ಒಳಗೊಳಗೇ ಹೊಪ್ಪಳೆ ಎದ್ದು ತೂತಾಗುತ್ತದೆ. ಸುತ್ತಬಹುದಾದದ್ದು ಟರ್ಬೊ ನಂತರದ ಸ್ಟೇನ್‌ಲೆಸ್ ಡೌನ್‌ಪೈಪಿಗೆ.

ಎಷ್ಟು ಬೇಕು ಎಂಬ ಲೆಕ್ಕ: 76 ಮಿ.ಮೀ. ವ್ಯಾಸದ ಪೈಪಿನ ಸುತ್ತಳತೆ 24 ಸೆಂ.ಮೀ. ಪಟ್ಟಿ 50 ಮಿ.ಮೀ. ಅಗಲ, ಒಂದರ ಮೇಲೊಂದು 12 ಮಿ.ಮೀ. ಬಂದರೆ ಪ್ರತಿ ಸುತ್ತಿಗೆ 38 ಮಿ.ಮೀ. ಮುಂದೆ ಹೋಗುತ್ತೀರಿ. ಒಂದು ಮೀಟರ್ ಪೈಪಿಗೆ ಸುಮಾರು ಆರೂವರೆ ಮೀಟರ್ ಪಟ್ಟಿ. ತಿರುವುಗಳಿಗೆ ಇನ್ನೊಂದಿಷ್ಟು ಸೇರಿಸಿ 10 ಮೀಟರಿನ ಒಂದು ಸುರುಳಿ ಸಾಕು. ಎರಡು ಪದರ ಸುತ್ತಿದರೆ ಇಮ್ಮಡಿ ಲಾಭ ಎಂದುಕೊಳ್ಳಬೇಡಿ, ಇಮ್ಮಡಿ ನೀರು ಹಿಡಿದುಕೊಳ್ಳುತ್ತದೆ ಅಷ್ಟೇ.

ಕೆಳತುದಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಆಗ ಪದರಗಳು ಹೆಂಚಿನಂತೆ ಕೂತು ಮೇಲಿನಿಂದ ಬಿದ್ದ ನೀರು ಒಳನುಗ್ಗದೆ ಜಾರುತ್ತದೆ. ಬಿಗಿಯಾಗಿ ಎಳೆದು ಎರಡೂ ತುದಿಗೆ, ನಡುವೆ ಪ್ರತಿ 20 ಸೆಂ.ಮೀ.ಗೆ ಸ್ಟೇನ್‌ಲೆಸ್ ಟೈ ಹಾಕಿ. ಆಕ್ಸಿಜನ್ ಸೆನ್ಸರಿನ ಬುಡ ಮತ್ತು ಫ್ಲೆಕ್ಸ್ ಜಾಯಿಂಟ್ ತೆರೆದಿರಲಿ.

ಕೊಂಕಣ ಕರಾವಳಿಯವರು ಈ ಹಂತವನ್ನು ಪೂರ್ತಿ ಬಿಟ್ಟು ಸೆರಾಮಿಕ್ ಲೇಪನ ಮಾಡಿಸುವುದು ವಾಸಿ ಎಂದೇ ನಮ್ಮ ಸಲಹೆ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ನೀರು ಹೀರುವ ಪಟ್ಟಿ ಮೂರೂ ಸೇರಿದರೆ 304 ಸ್ಟೇನ್‌ಲೆಸ್ ಕೂಡ ಗುಳಿಬೀಳುತ್ತದೆ.

ಹಂತ 7: ಬಿಸಿಗಾಳಿಗೆ ದಾರಿ

ರೇಡಿಯೇಟರಿನ ಸುತ್ತ ಸಂದುಗಳಿದ್ದರೆ ಫೋಮ್ ಪಟ್ಟಿಯಿಂದ ಮುಚ್ಚಿ, ಬಂದ ಗಾಳಿಯೆಲ್ಲ ರೇಡಿಯೇಟರಿನ ಮೂಲಕವೇ ಹಾಯಬೇಕು. ಕೆಳಗಿನ ಪ್ಲಾಸ್ಟಿಕ್ ತಟ್ಟೆ ಕಳಚಿದ್ದರೆ ಮತ್ತೆ ಹಾಕಿ. ಬಾನೆಟ್ಟಿನ ಹಿಂಭಾಗವನ್ನು ವಾಷರ್ ಇಟ್ಟು ಎತ್ತುವ ಉಪಾಯ ಗಾಡಿ ನಿಂತಾಗ ಕೆಲಸ ಮಾಡುತ್ತದೆ. ವೇಗದಲ್ಲಿ ವಿಂಡ್‌ಶೀಲ್ಡ್ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿರುವುದರಿಂದ ಗಾಳಿ ಅಲ್ಲಿಂದ ಹೊರಬರುವ ಬದಲು ಒಳಗೇ ಹೋಗುತ್ತದೆ. ತೆರಪು ಕೊರೆಸುವುದಾದರೆ ರೇಡಿಯೇಟರಿನ ಹಿಂದೆ, ಬಾನೆಟ್ಟಿನ ಮುಂಭಾಗದಲ್ಲಿ ಕೊರೆಸಿ. ನೇರ ಟರ್ಬೊ ಮೇಲೆ ಬೇಡ, ಜೂನ್ ತಿಂಗಳಲ್ಲಿ ಕೆಂಪಗೆ ಕಾದ ಎರಕದ ಮೇಲೆ ಮಳೆನೀರು ಬೀಳುತ್ತದೆ.

ಹಂತ 8: ಮೊದಲ ಓಟ

ಬೆಂಕಿ ಆರಿಸುವ ಸಿಲಿಂಡರ್ ಹತ್ತಿರ ಇಟ್ಟುಕೊಂಡು ಬಯಲಿನಲ್ಲಿ ಸ್ಟಾರ್ಟ್ ಮಾಡಿ. ಹೊಸ ಪಟ್ಟಿ, ಬ್ಲಾಂಕೆಟ್ಟಿನ ಅಂಟು ಸುಟ್ಟು ಮೊದಲ ಅರ್ಧ ಗಂಟೆ ಬಿಳಿ ಹೊಗೆ ಬರುತ್ತದೆ, ವಾಸನೆಯೂ ಬರುತ್ತದೆ. ನೀಲಿ ಹೊಗೆ ಬಂದರೆ ಅದು ಆಯಿಲ್, ಪೆಟ್ರೋಲ್ ವಾಸನೆ ಬಂದರೆ ಜೋಡಣೆ ಸೋರುತ್ತಿದೆ. ಎರಡರಲ್ಲಿ ಯಾವುದು ಕಂಡರೂ ತಕ್ಷಣ ಬಂದ್ ಮಾಡಿ. ಪೂರ್ತಿ ತಣ್ಣಗಾದ ಮೇಲೆ ಮರೆಯ ಬೋಲ್ಟು, ಪಟ್ಟಿಯ ಟೈ ಎಲ್ಲವನ್ನೂ ಮತ್ತೊಮ್ಮೆ ಬಿಗಿ ಮಾಡಿ. ಮೊದಲ ಕಾವಿಗೆ ಎಲ್ಲವೂ ಸ್ವಲ್ಪ ಸಡಿಲವಾಗುವುದು ಸಹಜ.

ನಂತರ ಹೊಸ ಸ್ಟಿಕ್ಕರು ಅಂಟಿಸಿ, ಮೊದಲ ಹಂತದ ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ಓಡಿಸಿ ಹೋಲಿಸಿ. ಪುಣೆಯ ಮೇ ಮಧ್ಯಾಹ್ನದ ಅಂಕಿಯನ್ನು ಡಿಸೆಂಬರ್ ಬೆಳಗಿನ ಅಂಕಿಗೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.

500 ಕಿ.ಮೀ. ಆದ ಮೇಲೆ ಒಮ್ಮೆ, ಆಮೇಲೆ ಮಳೆಗಾಲದ ಮೊದಲು ಮತ್ತು ಕೊನೆಗೆ ಒಂದೊಂದು ಸಲ ಟಾರ್ಚ್ ಹಿಡಿದು ನೋಡಿ: ವೈರಿನ ತೋಳು ಎಲ್ಲಾದರೂ ಕಂದಿದೆಯೇ, ಮರೆಯ ಮೂಲೆ ಬಿರುಕು ಬಿಟ್ಟಿದೆಯೇ, ಪಟ್ಟಿಯ ಮೇಲೆ ಕಪ್ಪು ಜಿಡ್ಡಿನ ಕಲೆ ಇದೆಯೇ. ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಹೀರಿದ ಪಟ್ಟಿ ದೀಪದ ಬತ್ತಿಗೆ ಸಮ. ಅದನ್ನು ಒರೆಸಿ, ಒಣಗಿಸಿ ಮತ್ತೆ ಬಳಸಲು ಹೋಗಬೇಡಿ. ಸೋರಿಕೆ ಎಲ್ಲಿಂದ ಎಂದು ಹುಡುಕಿ ಸರಿಪಡಿಸಿ, ಕಲೆಯಾದ ಪಟ್ಟಿಯನ್ನು ಕತ್ತರಿಸಿ ತೆಗೆದು, ಪೈಪನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ ಪೂರ್ತಿ ಆರಿದ ಮೇಲೆಯೇ ಹೊಸದು ಸುತ್ತಿ.